ಸ್ವಾತಂತ್ರ್ಯ ಬಂದು ಆರೇ ದಿನಕ್ಕೆ ಬಾಗಿಲು ತೆರೆದ ವಿಶ್ವವಿದ್ಯಾಲಯ: ಎನ್‌ಸುಕ್ಕಾ ಬಗ್ಗೆ ಮಾತಾಡೋಣ

ಲೇಗೋಸಿನ ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನು ಲೇಗೋಸಿನಲ್ಲಿ ಔಷಧಿ ಮಾರಾಟದ ಕೆಲಸದಲ್ಲಿದ್ದೇನೆ. ಬಂದು ಒಂಬತ್ತು ವರ್ಷ ಆಯ್ತು. ಊರು ಚಿಕ್ಕಮಗಳೂರು ಕಡೆ. ಇಷ್ಟು ವರ್ಷದಲ್ಲಿ ನೈಜೀರಿಯಾ ಅಂದರೆ ನನಗೆ ಲೇಗೋಸಿನ ಟ್ರಾಫಿಕ್ಕು, ಜನರೇಟರ್ ಸದ್ದು, ಗೋಡೌನು, ಇಷ್ಟೇ ಆಗಿತ್ತು. ಕಳೆದ ಜನವರಿಯಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬರು ತಂಗಿಯ ಮದುವೆಗೆ ಕರೆದರು. ಅವರ ಊರು ಎನ್‌ಸುಕ್ಕಾ. ದೇಶದ ಪೂರ್ವ ಭಾಗದಲ್ಲಿ ಇಗ್ಬೊ ಜನರ ನಾಡು. ಎನುಗುವರೆಗೆ ವಿಮಾನ, ಅಲ್ಲಿಂದ ಕಾರು. ನೈನ್ತ್ ಮೈಲ್ ಅನ್ನೋ ಜಾಗದಲ್ಲಿ ನಿಲ್ಲಿಸಿ ಬಿಸಿ ಬಿಸಿ ಒಕ್ಪಾ ತಿಂದೆವು. ಒಂಥರಾ ಕಾಳಿನ ಹಿಟ್ಟಿಗೆ ತಾಳೆ ಎಣ್ಣೆ ಕಲಸಿ ಎಲೆಯಲ್ಲಿ ಕಟ್ಟಿ ಬೇಯಿಸುತ್ತಾರೆ. ನನಗೆ ಅಮ್ಮ ಮಾಡುವ ಕಡುಬೇ ನೆನಪಾಯ್ತು.

ಮದುವೆಯ ಮಾರನೇ ದಿನ ಅವರು ನನ್ನನ್ನು ತಾವು ಓದಿದ ಜಾಗ ನೋಡಲು ಕರೆದುಕೊಂಡು ಹೋದರು. ಯೂನಿವರ್ಸಿಟಿ ಆಫ್ ನೈಜೀರಿಯಾ, ಎನ್‌ಸುಕ್ಕಾ. ಸುತ್ತ ಗುಡ್ಡ, ಕೆಂಪು ಮಣ್ಣು, ಹರ್ಮಾಟಾನ್ ಗಾಳಿಯ ಧೂಳು. 871 ಹೆಕ್ಟೇರ್ ಕ್ಯಾಂಪಸ್. ದಾರಿಯಲ್ಲಿ ಸಿಕ್ಕ ಹಳೇ ಗೆಳೆಯರನ್ನು ಅವರು "ಗ್ರೇಟ್ ಲಯನ್" ಅಂತ ಕೂಗಿ ಮಾತಾಡಿಸುತ್ತಿದ್ದರು. ಇಲ್ಲಿ ಓದಿದವರು ಗಂಡಸರಾದರೆ ಸಿಂಹ, ಹೆಂಗಸರಾದರೆ ಸಿಂಹಿಣಿ. ಐವತ್ತು ದಾಟಿದವರೂ ಹಾಗೇ ಕರೆದುಕೊಳ್ಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾರೀಖು. ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂದದ್ದು 1960ರ ಅಕ್ಟೋಬರ್ 1. ಈ ವಿಶ್ವವಿದ್ಯಾಲಯ ಉದ್ಘಾಟನೆಯಾದದ್ದು ಅದೇ ಅಕ್ಟೋಬರ್ 7. ಸ್ವಾತಂತ್ರ್ಯೋತ್ಸವಕ್ಕೆ ರಾಣಿಯ ಪರವಾಗಿ ಬಂದಿದ್ದ ರಾಜಕುಮಾರಿ ಅಲೆಕ್ಸಾಂಡ್ರಾ ಇಲ್ಲಿಗೂ ಬಂದರು. 17ಕ್ಕೆ ಪಾಠ ಶುರು. 220 ವಿದ್ಯಾರ್ಥಿಗಳು, 13 ಅಧ್ಯಾಪಕರು. ಮೊದಲ ದಿನದಿಂದಲೇ ಇದು ತನ್ನದೇ ಹೆಸರಿನ ಡಿಗ್ರಿ ಕೊಡುವ ವಿಶ್ವವಿದ್ಯಾಲಯ. ಆ ಹೊತ್ತಿಗೆ ನೈಜೀರಿಯಾದ ಇನ್ನೊಂದು ಊರು ಇಬಾದಾನಿನ ಕಾಲೇಜಿನಲ್ಲಿ ಓದಿದವರಿಗೆ ಸಿಗುತ್ತಿದ್ದದ್ದು ಲಂಡನ್ ವಿಶ್ವವಿದ್ಯಾಲಯದ ಡಿಗ್ರಿ!

ವಿಶ್ವವಿದ್ಯಾಲಯದ ಧ್ಯೇಯವಾಕ್ಯ ಮನುಷ್ಯನ ಘನತೆಯನ್ನು ಮತ್ತೆ ನಿಲ್ಲಿಸುವುದು ಅಂತ ಹೇಳುತ್ತದೆ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ಆಮೇಲೆ ಈ ಜಾಗದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಇಲ್ಲಿ ಇತಿಹಾಸ ಗೊತ್ತಿರುವವರು, ನೈಜೀರಿಯಾದಲ್ಲಿ ಇದ್ದು ಬಂದವರು ಇದ್ದೀರಿ ಅಂತ ಗೊತ್ತು. ಹೊಸ ದೇಶ ಅಷ್ಟು ಆತುರದಲ್ಲಿ ವಿಶ್ವವಿದ್ಯಾಲಯ ಕಟ್ಟಿದ್ದು ಯಾಕೆ? ದುಡ್ಡು ಎಲ್ಲಿಂದ ಬಂತು? ದಯವಿಟ್ಟು ಬರೆಯಿರಿ.


ಇತಿಹಾಸದ ಮೇಷ್ಟ್ರು:

ತುಂಬಾ ಒಳ್ಳೆಯ ವಿಷಯ ಎತ್ತಿದಿರಿ. ಅದು ಆತುರ ಅಲ್ಲ. ಕಾದು ಕಾದು ಸಾಕಾಗಿ ಕಟ್ಟಿದ್ದು.

ಬ್ರಿಟಿಷರು ನೈಜೀರಿಯಾದಲ್ಲಿ ಉನ್ನತ ಶಿಕ್ಷಣಕ್ಕೆ ಮಾಡಿದ್ದು ಬಹಳ ತಡವಾಗಿ, ಬಹಳ ಕಡಿಮೆ. 1930ರ ದಶಕದಲ್ಲಿ ಲೇಗೋಸಿನ ಯಾಬಾದಲ್ಲಿ ಒಂದು ಹೈಯರ್ ಕಾಲೇಜು ತೆರೆದರು. ಅಲ್ಲಿ ಡಾಕ್ಟರ ಕೈಕೆಳಗೆ ಕೆಲಸ ಮಾಡುವವರು, ಎಂಜಿನಿಯರ ಕೈಕೆಳಗೆ ಕೆಲಸ ಮಾಡುವವರು ತಯಾರಾಗುತ್ತಿದ್ದರು. ಕೊಡುತ್ತಿದ್ದ ಡಿಪ್ಲೊಮಾಗೆ ನೈಜೀರಿಯಾದ ಆಚೆ ಬೆಲೆ ಇರಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ವಿಶ್ವವಿದ್ಯಾಲಯ ಬೇಕೇ ಅಂತ ನೋಡಲು 1943ರಲ್ಲಿ ಎಲಿಯಟ್ ಆಯೋಗ ಬಂತು. ಸದಸ್ಯರಲ್ಲೇ ಒಡಕು. ಜಾಸ್ತಿ ಜನ ಮೂರು ಕಡೆ ಕಾಲೇಜು ಬೇಕು ಅಂದರು. ಉಳಿದವರು ಇಡೀ ಪಶ್ಚಿಮ ಆಫ್ರಿಕಾಕ್ಕೆ ಇಬಾದಾನಿನಲ್ಲಿ ಒಂದು ಸಾಕು ಅಂದರು. ಲಂಡನ್ ಒಪ್ಪಿದ್ದು ಆ ಕಡಿಮೆ ಜನರ ಮಾತನ್ನು! ಗೋಲ್ಡ್ ಕೋಸ್ಟಿನವರು, ಅಂದರೆ ಈಗಿನ ಘಾನಾದವರು, ಸುಮ್ಮನಿರಲಿಲ್ಲ. ನಮ್ಮ ಕೋಕೋ ದುಡ್ಡಲ್ಲಿ ನಾವೇ ಕಟ್ಟಿಕೊಳ್ಳುತ್ತೇವೆ ಅಂತ ಹಟ ಹಿಡಿದು ಕಟ್ಟಿದರು.

ಇಬಾದಾನಿನ ಯೂನಿವರ್ಸಿಟಿ ಕಾಲೇಜು 1948ರಲ್ಲಿ ಯಾಬಾದಿಂದ ಬಂದ 104 ವಿದ್ಯಾರ್ಥಿಗಳಿಂದ ಶುರುವಾಯ್ತು. ಅಲ್ಲಿ ಪಾಠ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಲೆಬಸ್ಸು, ಪರೀಕ್ಷೆ, ಡಿಗ್ರಿ ಎಲ್ಲದಕ್ಕೂ ಲಂಡನ್ನಿನ ಒಪ್ಪಿಗೆ ಬೇಕು. ಸೀಟು ಬಹಳ ಕಡಿಮೆ.

ಈಗ ನ್ನಾಮ್ಡಿ ಅಜೀಕಿವೆ ಅವರ ಕಥೆಗೆ ಬರೋಣ. ಜನ ಪ್ರೀತಿಯಿಂದ ಜೀಕ್ ಅಂತಾರೆ. 1925ರಲ್ಲಿ ಅಮೆರಿಕಕ್ಕೆ ಓದಲು ಹೋದರು. ಪಾತ್ರೆ ತೊಳೆದರು, ಗಣಿಯಲ್ಲೂ ದುಡಿದರು. ಹೊವರ್ಡ್, ಲಿಂಕನ್ ಈ ಎರಡು ಕಡೆಯೂ ಓದಿದರು. ಎರಡೂ ಕರಿಯ ಜನರಿಗಾಗಿಯೇ ಹುಟ್ಟಿದ ವಿಶ್ವವಿದ್ಯಾಲಯಗಳು. ಬಡವರ ಮಕ್ಕಳು ದುಡಿಯುತ್ತಾ ಡಿಗ್ರಿ ಮಾಡಬಹುದು ಅನ್ನೋದನ್ನು ಅವರು ಅಲ್ಲಿ ಕಣ್ಣಾರೆ ನೋಡಿದ್ದರು, ತಾವೇ ಮಾಡಿದ್ದರು. 1954ರಲ್ಲಿ ಪೂರ್ವ ಪ್ರಾಂತ್ಯದ ಪ್ರೀಮಿಯರ್ ಆದರು. ನಮ್ಮ ರಾಜ್ಯಗಳ ಮುಖ್ಯಮಂತ್ರಿ ಇದ್ದ ಹಾಗೆ. ಮರುವರ್ಷವೇ, 1955ರ ಮೇ 18ರಂದು, ವಿಶ್ವವಿದ್ಯಾಲಯದ ಕಾಯಿದೆ ಪಾಸು ಮಾಡಿಸಿದರು. ಸ್ವಾತಂತ್ರ್ಯ ಇನ್ನೂ ಐದು ವರ್ಷ ದೂರ ಇತ್ತು!

ದುಡ್ಡು ಬಂದದ್ದು ತಾಳೆ ಎಣ್ಣೆಯಿಂದ. ಪೂರ್ವ ಪ್ರಾಂತ್ಯದ ಮುಖ್ಯ ಬೆಳೆ ಅದು. ರೈತರಿಂದ ಸರ್ಕಾರದ ಮಾರ್ಕೆಟಿಂಗ್ ಬೋರ್ಡು ಗೊತ್ತು ಮಾಡಿದ ಬೆಲೆಗೆ ಕೊಂಡು ಹೊರದೇಶಕ್ಕೆ ಮಾರುತ್ತಿತ್ತು. ನಡುವೆ ಉಳಿದ ಹಣ ಬೋರ್ಡಿನ ಹತ್ತಿರ ಇತ್ತು. ಅದನ್ನೇ ವಿಶ್ವವಿದ್ಯಾಲಯಕ್ಕೆ ಎತ್ತಿಟ್ಟರು. ಅಂದರೆ ತಾಳೆ ಗೊನೆ ಕಡಿದು ಎಣ್ಣೆ ಹಿಂಡಿದ, ಬೀಜ ಒಡೆದ ಹಳ್ಳಿ ಜನರ ದುಡ್ಡು. ಆ ಜನರಿಗೆ ಇನ್ನೊಂಚೂರು ಜಾಸ್ತಿ ಬೆಲೆ ಸಿಗಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಆದ್ದರಿಂದಲೇ ಈ ವಿಶ್ವವಿದ್ಯಾಲಯದ ಮೇಲೆ ಅವರ ಋಣ ದೊಡ್ಡದು.


ತುಂಗಾತೀರ:

ಮೇಷ್ಟ್ರೇ, ಓದಿ ಖುಷಿ ಆಯ್ತು. ಒಂದು ಅನುಮಾನ. ಈ ವಿಶ್ವವಿದ್ಯಾಲಯದ ನಕ್ಷೆ ಹಾಕಿಕೊಟ್ಟವರು ಅಮೆರಿಕದವರು ಅಂತ ಓದಿದ್ದೇನೆ. ಲಂಡನ್ ಬೇಡ ಅಂತ ಹೊರಟವರು ಮಿಶಿಗನ್ನಿಗೆ ಹೋದರೆ ಏನು ಬದಲಾಯ್ತು? ಅದೂ ಹೊರಗಿನ ಅಚ್ಚೇ ಅಲ್ವಾ?


ಇತಿಹಾಸದ ಮೇಷ್ಟ್ರು:

ನಿಮ್ಮ ಪ್ರಶ್ನೆ ಸರಿಯಾಗಿದೆ. ಆಗಲೂ ಬಹಳ ಜನ ಕೇಳಿದ್ದರು.

1958ರಲ್ಲಿ ಮೂವರು ಬಂದು ಜಾಗ, ಯೋಜನೆ ಎಲ್ಲ ನೋಡಿದರು. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಅಧ್ಯಕ್ಷ ಜಾನ್ ಹ್ಯಾನಾ, ಅಲ್ಲಿಯವರೇ ಆದ ಗ್ಲೆನ್ ಟ್ಯಾಗರ್ಟ್, ಮತ್ತೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಕುಲಪತಿ ಕುಕ್. ಹಾಗಾಗಿ ಬ್ರಿಟಿಷರೂ ಇದ್ದರು. ಆದರೆ ರೂಪ ಕೊಟ್ಟದ್ದು ಮಿಶಿಗನ್ನಿನ ಮಾದರಿ. ಮೊದಲ ಕುಲಪತಿ ಜಾರ್ಜ್ ಜಾನ್ಸನ್. ಅವರು ಆಫ್ರಿಕನ್ ಅಮೆರಿಕನ್, ಹೊವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಡೀನ್ ಆಗಿದ್ದವರು. ಜೀಕ್ ಅಲ್ಲಿಯೇ ಓದಿದ್ದವರು ಅನ್ನೋದನ್ನು ನೆನಪಿಡಿ. ಜೀಕ್ ಅಮೆರಿಕದಿಂದ ಬರೀ ದುಡ್ಡು, ಯೋಜನೆ ತರಲಿಲ್ಲ. ಅಲ್ಲಿ ಕರಿಯ ಜನ ಅಷ್ಟೊಂದು ಅವಮಾನದ ನಡುವೆ ಹೇಗೆ ಓದಿ ಎದ್ದು ನಿಂತರು ಅನ್ನುವ ಅನುಭವವನ್ನೂ ತಂದರು.

ಬದಲಾದದ್ದು ಏನು ಅಂತ ಕೇಳಿದಿರಿ. ಇಬಾದಾನಿಗೆ ಸೇರಲು ಪ್ರೌಢಶಾಲೆ ಮುಗಿಸಿ, ಮತ್ತೆ ಎರಡು ವರ್ಷ ಎ ಲೆವೆಲ್ ಓದಬೇಕಿತ್ತು. ಅದನ್ನು ಕಲಿಸುವ ಶಾಲೆಗಳೇ ಕೆಲವು. ಎನ್‌ಸುಕ್ಕಾ ಪ್ರೌಢಶಾಲೆ ಮುಗಿಸಿದವರಿಗೆ ತನ್ನದೇ ಪ್ರವೇಶ ಪರೀಕ್ಷೆ ಇಟ್ಟಿತು. ಪಾಸಾದರೆ ನಾಲ್ಕು ವರ್ಷದ ಡಿಗ್ರಿ. ಈ ಒಂದೇ ತೀರ್ಮಾನದಿಂದ ಹಳ್ಳಿಯ ಎಷ್ಟು ಮಕ್ಕಳಿಗೆ ದಾರಿ ಸಿಕ್ಕಿರಬೇಕು ಯೋಚಿಸಿ. ಇನ್ನೊಂದು, ಏನೇ ಓದಲಿ, ಎಲ್ಲರೂ ಸ್ವಲ್ಪ ಭಾಷೆ, ಸ್ವಲ್ಪ ವಿಜ್ಞಾನ, ಸ್ವಲ್ಪ ಸಮಾಜ ಓದಲೇಬೇಕು ಅಂತ ಜನರಲ್ ಸ್ಟಡೀಸ್ ತಂದರು. ನೈಜೀರಿಯಾದ ಮೊದಲ ಕಾನೂನು ವಿಭಾಗ ಇಲ್ಲಿ. ಪತ್ರಿಕೋದ್ಯಮದಲ್ಲಿ ಡಿಗ್ರಿ ಮೊದಲು ಇಲ್ಲಿ. ವ್ಯವಸಾಯ, ಗೃಹವಿಜ್ಞಾನ, ಸಂಗೀತ, ಚಿತ್ರಕಲೆ, ದೈಹಿಕ ಶಿಕ್ಷಣ ಎಲ್ಲಕ್ಕೂ ಡಿಗ್ರಿ.

ಇಂಗ್ಲೆಂಡಿನ ಪದ್ಧತಿಯಲ್ಲಿ ಬೆಳೆದ ವಿದ್ವಾಂಸರು ಇದು ಮಟ್ಟ ಇಲ್ಲದ ಓದು ಅಂದರು. ಅಡುಗೆ ಕಲಿಸಲು ವಿಶ್ವವಿದ್ಯಾಲಯ ಬೇಕೇ ಅನ್ನುವ ಧಾಟಿ. ಆದರೆ ಮುಂದೆ ಆದದ್ದು ನೋಡಿ. ಇಬಾದಾನ್ 1962ರಲ್ಲಿ ಲಂಡನ್ನಿನಿಂದ ಬಿಡಿಸಿಕೊಂಡಿತು. ನಾಲ್ಕು ವರ್ಷದ ಡಿಗ್ರಿ, ಜನರಲ್ ಸ್ಟಡೀಸ್ ಈಗ ಇಡೀ ನೈಜೀರಿಯಾದ ಪದ್ಧತಿ. ಎಲ್ಲರೂ ಕೊನೆಗೆ ಎನ್‌ಸುಕ್ಕಾದ ದಾರಿಗೇ ಬಂದರು.


ಹೆಬ್ಬಾಳದ ಮಣ್ಣು:

ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಕೆಲಸ ಮಾಡಿ ನಿವೃತ್ತಿಯಾದವನು. ಈ ಮಿಶಿಗನ್ ಮಾದರಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು ಅನಿಸಿತು. ಯಾಕಂದರೆ ಅದೇ ಬಳ್ಳಿಯ ಇನ್ನೊಂದು ಕುಡಿ ನಮ್ಮ ಹೆಬ್ಬಾಳ.

ಅಮೆರಿಕದಲ್ಲಿ 1862ರಲ್ಲಿ ಒಂದು ಕಾಯಿದೆ ಆಯ್ತು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಡೋದು, ಅದನ್ನು ಮಾರಿ ಬಂದ ದುಡ್ಡಲ್ಲಿ ರಾಜ್ಯಗಳು ಕಾಲೇಜು ಕಟ್ಟೋದು. ಅದಕ್ಕೇ ಲ್ಯಾಂಡ್ ಗ್ರಾಂಟ್ ಅನ್ನೋ ಹೆಸರು. ಲ್ಯಾಟಿನ್, ಗ್ರೀಕ್ ಜೊತೆಗೆ ವ್ಯವಸಾಯ, ಯಂತ್ರಶಾಸ್ತ್ರ ಕಲಿಸಬೇಕು, ದುಡಿಯುವ ಜನರ ಮಕ್ಕಳಿಗೆ ಬಾಗಿಲು ತೆರೆಯಬೇಕು ಅನ್ನೋದು ಉದ್ದೇಶ. ಬರುಬರುತ್ತಾ ಮೂರು ಕೆಲಸ ಒಟ್ಟಿಗೆ ಸೇರಿದವು. ಪಾಠ, ಸಂಶೋಧನೆ, ಆಮೇಲೆ ರೈತನ ಹೊಲಕ್ಕೆ ಹೋಗಿ ಹೇಳಿಕೊಡೋದು. ಈ ಮೂರನೆಯದನ್ನು ನಾವು ವಿಸ್ತರಣೆ ಅಂತೀವಿ.

ಎನ್‌ಸುಕ್ಕಾ ತೆರೆದ ಮರು ತಿಂಗಳೇ, 1960ರ ನವೆಂಬರ್ 17ರಂದು, ನೆಹರೂ ಅವರು ಪಂತನಗರದ ಕೃಷಿ ವಿಶ್ವವಿದ್ಯಾಲಯ ಉದ್ಘಾಟಿಸಿದರು. ಅದಕ್ಕೆ ನೆರವಾದದ್ದು ಇಲಿನಾಯ್ ವಿಶ್ವವಿದ್ಯಾಲಯ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಬಂತು. ನೆರವು ಟೆನ್ನೆಸ್ಸೀ ವಿಶ್ವವಿದ್ಯಾಲಯದ್ದು. ನಾನು ಓದುವಾಗ ನಮ್ಮ ಹಿರಿಯ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಟೆನ್ನೆಸ್ಸೀಗೆ ಹೋಗಿ ಬಂದವರು.

ತುಂಗಾತೀರ ಅವರೇ, ಹೊರಗಿನ ಅಚ್ಚು ಅಂದಿರಿ. ನನ್ನ ಅನುಭವ ಹೇಳ್ತೀನಿ. ಪದ್ಧತಿ ಹೊರಗಿಂದ ಬಂದಿರಬಹುದು. ಆದರೆ ರಾಗಿ ಅಮೆರಿಕದ್ದಲ್ಲ ಅಲ್ವಾ? ನಮ್ಮ ರಾಗಿ ತಳಿಗಳ ಕೆಲಸ ಆದದ್ದು ನಮ್ಮ ಮಣ್ಣಿನಲ್ಲಿ, ನಮ್ಮ ಜನರ ಕೈಯಲ್ಲಿ. ಎನ್‌ಸುಕ್ಕಾದವರ ಮುಂದೆ ಗೆಣಸು ಇತ್ತು, ಮರಗೆಣಸು ಇತ್ತು, ತಾಳೆ ಇತ್ತು. ಹಳದಿ ಬಣ್ಣದ ಘಮ್ ಅನ್ನೋ ಮೆಣಸಿನಕಾಯಿ ಇತ್ತು, ಎನ್‌ಸುಕ್ಕಾ ಮೆಣಸು ಅಂತ ನೈಜೀರಿಯಾದಲ್ಲೆಲ್ಲ ಹೆಸರುವಾಸಿ. ತಮ್ಮ ಹೊಲದಲ್ಲಿ ಬೆಳೆಯೋದನ್ನು ಓದಿಗೆ ತಂದರೆ ಆ ವಿಶ್ವವಿದ್ಯಾಲಯ ಅವರದ್ದೇ.


ತುಂಗಾತೀರ:

ಒಪ್ಪಿದೆ ಸರ್. ರಾಗಿ ಮಾತು ಮನಸ್ಸಿಗೆ ನಾಟಿತು. ಆದರೂ ಸರ್, ಯುದ್ಧ ಬಂದಾಗ ಅಮೆರಿಕದವರು ಹೊರಟು ಹೋದರಲ್ಲ. ಆಮೇಲೆ ಏನಾಯ್ತು ಅನ್ನೋದು ಗೊತ್ತಾದರೆ ಚೆನ್ನ.


ಕಾನೊ ಬಾಲ್ಯ:

ನಾನು ಬರೆಯುತ್ತೇನೆ. ನಮ್ಮ ತಂದೆ 1977ರಿಂದ ಏಳು ವರ್ಷ ಉತ್ತರ ನೈಜೀರಿಯಾದ ಕಾನೊದಲ್ಲಿ ಪ್ರೌಢಶಾಲೆಯ ಫಿಸಿಕ್ಸ್ ಮೇಷ್ಟ್ರು. ಪೆಟ್ರೋಲ್ ದುಡ್ಡು ಹರಿಯುತ್ತಿದ್ದ ಕಾಲ ಅದು. ಎಲ್ಲೆಲ್ಲೂ ಶಾಲೆ ತೆರೆಯುತ್ತಿದ್ದರು, ಮೇಷ್ಟ್ರು ಸಾಲುತ್ತಿರಲಿಲ್ಲ. ಕೇರಳ, ಕರ್ನಾಟಕ, ತಮಿಳುನಾಡಿನಿಂದ ಬಹಳ ಜನ ಹೋಗಿದ್ದರು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಇಗ್ಬೊ ಮೇಷ್ಟ್ರೊಬ್ಬರು ಎನ್‌ಸುಕ್ಕಾದಲ್ಲಿ ಓದಿದವರು. ಯುದ್ಧದ ಮಾತು ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನನಗೆ ಆಗ ಅರ್ಥ ಆಗುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ.

1966ರಲ್ಲಿ ಎರಡು ಬಾರಿ ಸೇನೆ ದಂಗೆ ಎದ್ದಿತು. ಆ ವರ್ಷವೇ ಉತ್ತರದ ಊರುಗಳಲ್ಲಿ ಇಗ್ಬೊ ಜನರ ಕೊಲೆ ಆಯ್ತು. ಕಾನೊದಲ್ಲೂ ಆಯ್ತು, ನಾನು ಮುಂದೆ ಆಡಿ ಬೆಳೆದ ಊರಲ್ಲಿ. ಉಳಿದವರು ಲಕ್ಷಗಟ್ಟಲೆ ಪೂರ್ವಕ್ಕೆ ಓಡಿ ಬಂದರು. ಇಬಾದಾನ್, ಲೇಗೋಸ್ ವಿಶ್ವವಿದ್ಯಾಲಯಗಳಲ್ಲಿದ್ದ ಇಗ್ಬೊ ಪ್ರಾಧ್ಯಾಪಕರೂ ಬಂದರು. ಇಬಾದಾನಿನ ಕುಲಪತಿ ಕೆನೆತ್ ಡೀಕೆ ಅವರಂಥವರೂ ಅಲ್ಲಿ ಉಳಿಯಲು ಆಗಲಿಲ್ಲ.

ಆಗ ಎನ್‌ಸುಕ್ಕಾದ ಕುಲಪತಿ ಎನಿ ಎನ್‌ಜೋಕು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರ ಕಥೆಯೇ ಬೇರೆ. ಲೇಗೋಸ್ ವಿಶ್ವವಿದ್ಯಾಲಯದ ಮೊದಲ ಕುಲಪತಿ ಅವರು. 1965ರಲ್ಲಿ ಅವರನ್ನು ಮುಂದುವರಿಸಲಿಲ್ಲ. ಜನಾಂಗದ ರಾಜಕೀಯ ಒಳಗೆ ಬಂತು ಅಂತ ಅಧ್ಯಾಪಕರು, ವಿದ್ಯಾರ್ಥಿಗಳು ಸಿಡಿದೆದ್ದರು. ಅವರ ಜಾಗಕ್ಕೆ ಬಂದ ಕುಲಪತಿಗೆ ಒಬ್ಬ ವಿದ್ಯಾರ್ಥಿ ಚೂರಿಯಿಂದ ಇರಿದುಬಿಟ್ಟ. ಪುಣ್ಯಕ್ಕೆ ಬದುಕಿದರು. ದೇಶ ಒಡೆಯುವ ಮೊದಲು ಕ್ಯಾಂಪಸ್ಸು ಒಡೆದಿತ್ತು.

1967ರ ಮೇ 30ರಂದು ಪೂರ್ವ ಪ್ರಾಂತ್ಯ ಬಿಯಾಫ್ರಾ ಅಂತ ಬೇರೆ ದೇಶ ಘೋಷಿಸಿಕೊಂಡಿತು. ಯುದ್ಧ ಶುರುವಾದದ್ದು ಜುಲೈ 6ಕ್ಕೆ. ಎನ್‌ಸುಕ್ಕಾ ಇರೋದು ಉತ್ತರದ ಗಡಿಯಲ್ಲೇ. ಹಾಗಾಗಿ ಮೊದಲ ಏಟು ಅದಕ್ಕೇ. ಜುಲೈ ಮಧ್ಯದ ಹೊತ್ತಿಗೆ ಊರು ಕೈ ತಪ್ಪಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿದ್ದ ಕವಿ ಕ್ರಿಸ್ಟಫರ್ ಒಕಿಗ್ಬೊ ಬಂದೂಕು ಹಿಡಿದು ಹೋಗಿ ಆ ಎನ್‌ಸುಕ್ಕಾ ಕಡೆಯ ಯುದ್ಧದಲ್ಲೇ ಸತ್ತರು. ಬಿಯಾಫ್ರಾದ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಯೂನಿವರ್ಸಿಟಿ ಆಫ್ ಬಿಯಾಫ್ರಾ ಅನ್ನೋ ಹೆಸರು. ಕ್ಯಾಂಪಸ್ ಇಲ್ಲ, ಹೆಸರು ಮಾತ್ರ. ವಿಜ್ಞಾನಿಗಳು, ಎಂಜಿನಿಯರುಗಳು ಸಿಕ್ಕ ಸಾಮಾನಿನಲ್ಲೇ ಪೆಟ್ರೋಲ್ ಶುದ್ಧ ಮಾಡುವ ಕುಲುಮೆ ಕಟ್ಟಿದರು, ಆಯುಧ ಮಾಡಿದರು. ಎನ್‌ಜೋಕು ಅವರು ಶಾಂತಿ ಮಾತುಕತೆಗೆ ಹೋದರು. ಏನೂ ಫಲ ಸಿಗಲಿಲ್ಲ.

1970ರ ಜನವರಿ 15ರಂದು ಯುದ್ಧ ಮುಗಿಯಿತು. ಎರಡೂವರೆ ವರ್ಷ, ಹಸಿವಿನಿಂದಲೇ ಲೆಕ್ಕವಿಲ್ಲದಷ್ಟು ಮಕ್ಕಳು ಸತ್ತ ಯುದ್ಧ. ಆ ವರ್ಷವೇ ಎನ್‌ಸುಕ್ಕಾ ಮತ್ತೆ ತೆರೆಯಿತು. ಕಿಟಕಿ ಇಲ್ಲ, ಬಾಗಿಲಿಲ್ಲ, ಪುಸ್ತಕಗಳು ಲೂಟಿ. ವಿದ್ಯಾರ್ಥಿಗಳು ಕಿಟಕಿಯ ಕಟ್ಟೆ ಮೇಲೆ, ಸಿಮೆಂಟ್ ಇಟ್ಟಿಗೆ ಮೇಲೆ ಕೂತು ಪಾಠ ಕೇಳಿದರು. ಬರಿ ನೆಲದ ಮೇಲೆ ಮಲಗಿದರು. ಇನ್ನೊಂದು ವಿಷಯ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನಲ್ಲಿ ಯುದ್ಧಕ್ಕೆ ಮುಂಚೆ ಎಷ್ಟೇ ಇಟ್ಟಿರಲಿ, ಬಿಯಾಫ್ರಾ ಹಣದಲ್ಲಿ ವಹಿವಾಟು ಮಾಡಿದವರಿಗೆ ವಾಪಸ್ ಕೊಟ್ಟದ್ದು ಬರೀ 20 ಪೌಂಡ್. ಜೀವನವೆಲ್ಲ ಕೂಡಿಟ್ಟವರಿಗೂ 20 ಪೌಂಡ್. ಅದರಲ್ಲಿ ಮನೆ ಎಬ್ಬಿಸಬೇಕು, ಊಟ ನೋಡಬೇಕು. ಅಂಥ ಹೊತ್ತಲ್ಲೂ ಜನ ಮಕ್ಕಳನ್ನು ಓದಲು ಕಳಿಸಿದರು.


ಲೇಗೋಸಿನ ಕನ್ನಡಿಗ:

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಈ 20 ಪೌಂಡಿನ ವಿಷಯ ನನ್ನ ಸಹೋದ್ಯೋಗಿಯ ಬಾಯಲ್ಲಿ ಕೇಳಿದ್ದೆ, ಪೂರ್ತಿ ಅರ್ಥ ಆಗಿರಲಿಲ್ಲ.


ಬಣ್ಣದ ಡಬ್ಬಿ:

ಯುದ್ಧದ ನಂತರ ಅಲ್ಲಿ ಹುಟ್ಟಿದ ಒಂದು ಸಂಗತಿ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ನಾನು ಚಿತ್ರಕಲೆ ಮೇಷ್ಟ್ರು.

ಇಗ್ಬೊ ಹೆಂಗಸರು ಮೈ ಮೇಲೆ, ಮನೆಯ ಮಣ್ಣಿನ ಗೋಡೆ ಮೇಲೆ ಬರೆಯುವ ಚಿತ್ತಾರಕ್ಕೆ ಉಲಿ ಅಂತಾರೆ. ತೆಳು ಗೆರೆ, ಸುರುಳಿ, ನಡುವೆ ಬಹಳ ಖಾಲಿ ಜಾಗ. ನಮ್ಮ ಮಲೆನಾಡಿನ ಹಸೆ ಚಿತ್ತಾರವೂ ಹೆಂಗಸರ ಕೈಯದ್ದೇ. ಆದರೆ ಉಲಿಯ ಗೆರೆ ಬಳುಕುತ್ತದೆ, ಹಸೆಯದು ನೇರ. ಯುದ್ಧ ಮುಗಿದ ಮೇಲೆ ಉಚೆ ಒಕೆಕೆ ಎನ್‌ಸುಕ್ಕಾದ ಕಲಾ ವಿಭಾಗಕ್ಕೆ ಬಂದರು. ಅವರ ತಾಯಿಗೇ ಉಲಿ ಬರುತ್ತಿತ್ತು. ಅವರು ವಿದ್ಯಾರ್ಥಿಗಳನ್ನು ಹಳ್ಳಿಯ ಹೆಂಗಸರ ಹತ್ತಿರ ಕಲಿಯಲು ಕಳಿಸಿದರು. ಒಬಿಯೋರಾ ಉದೆಚುಕ್ವು ಅಂಥವರು ಆ ಗೆರೆಯಲ್ಲೇ ಯುದ್ಧದ ನೋವು ಬರೆದರು. ಎಲ್ಲ ಕಳೆದುಕೊಂಡು ಬಂದ ಹುಡುಗರ ಕೈಗೆ ಅಜ್ಜಿಯ ಗೆರೆ ಸಿಕ್ಕಿತು!

1975ರಲ್ಲಿ ಘಾನಾದಿಂದ ಎಲ್ ಅನಾಟ್ಸುಯಿ ಶಿಲ್ಪ ಕಲಿಸಲು ಬಂದರು. ದಶಕಗಳ ಕಾಲ ಅಲ್ಲೇ ಉಳಿದರು. ಬಿಸಾಡಿದ ಬಾಟಲಿ ಮುಚ್ಚಳಗಳನ್ನು ತಂತಿಯಲ್ಲಿ ಹೆಣೆದು ಬಟ್ಟೆಯ ಹಾಗೆ ಇಳಿಬಿಡುವ ಅವರ ಕೆಲಸ ಲೋಕಕ್ಕೆಲ್ಲ ಗೊತ್ತು. 2015ರಲ್ಲಿ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ಅವರಿಗೆ ಜೀವಮಾನದ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟಿತು. ಆ ಕೆಲಸಗಳು ರೂಪ ತಳೆದದ್ದು ಎನ್‌ಸುಕ್ಕಾ ಅನ್ನೋ ಈ ಸಣ್ಣ ಊರಲ್ಲಿ.


ಮೈಸೂರು ಹುಡುಗಿ:

ಎಲ್ಲರದ್ದೂ ಓದಿದೆ. ನಾನು ಈಗಿನ ಮಾತು ಹೇಳ್ತೀನಿ, ಯಾಕಂದರೆ ಹಳೇ ಹೆಮ್ಮೆ ಒಂದೇ ಹೇಳಿದರೆ ಅಲ್ಲಿಯ ವಿದ್ಯಾರ್ಥಿಗಳಿಗೆ ಅನ್ಯಾಯ ಆಗತ್ತೆ.

ಎಂಎಸ್ಸಿಯಲ್ಲಿ ನನ್ನ ಕ್ಲಾಸಿನಲ್ಲಿ ನೈಜೀರಿಯಾದ ಗೆಳತಿ ಇದ್ದಳು. ಅಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಡಿಗ್ರಿ ಮುಗಿಸಲು ಅವಳಿಗೆ ಆರು ವರ್ಷ ಹಿಡಿಯಿತು. ಫೇಲ್ ಆಗಿ ಅಲ್ಲ. ಮುಷ್ಕರ. 2020ರಲ್ಲಿ ಮಾರ್ಚಿನಿಂದ ಡಿಸೆಂಬರ್ ತನಕ ಒಂಬತ್ತು ತಿಂಗಳು. 2022ರಲ್ಲಿ ಫೆಬ್ರವರಿ 14ರಿಂದ ಅಕ್ಟೋಬರ್ 14ರ ತನಕ ಎಂಟು ತಿಂಗಳು. ಆ ಎಂಟು ತಿಂಗಳು ಅವಳು ಅಮ್ಮನ ಅಂಗಡಿಯಲ್ಲಿ ಟೊಮೆಟೊ ಮಾರಿದಳಂತೆ. ಯಾವಾಗ ಕ್ಲಾಸು ಶುರು ಅಂತ ಗಿರಾಕಿಗಳು ದಿನಾ ಕೇಳುತ್ತಿದ್ದರಂತೆ.

ಮೇಷ್ಟ್ರುಗಳ ಸಂಘದ ಹೆಸರು ಆಸು. 1978ರಲ್ಲಿ ಹುಟ್ಟಿದ್ದು. ನಾನು ಅವಳ ಹತ್ತಿರ ಮೇಷ್ಟ್ರ ಮೇಲೆ ಕೋಪ ಬರಲ್ವಾ ಅಂತ ಕೇಳಿದ್ದೆ. ಬರತ್ತೆ, ಆದರೆ ಅವರು ಕೇಳೋದು ಸುಳ್ಳಲ್ಲ ಅಂದಳು. 2009ರಲ್ಲಿ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ ಹೇಳಿದ ದುಡ್ಡು ಪೂರ್ತಿ ಬರಲಿಲ್ಲ. ಬೆಲೆ ಏರಿತು, ಸಂಬಳ ಅಲ್ಲೇ ನಿಂತಿತು. 2022ರ ಮುಷ್ಕರದಲ್ಲಿ ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ.

ಒಂದು ಸಾವಿರ ವಿದ್ಯಾರ್ಥಿಗಳಿಗೆ ಅಂತ ಕಟ್ಟಿದ ಹಾಸ್ಟೆಲ್‌ನಲ್ಲಿ ಎಷ್ಟು ಜನ ಮಲಗುತ್ತಾರೆ, ನೀರು ಎಷ್ಟು ದಿನಕ್ಕೆ ಬರುತ್ತದೆ, ಅದನ್ನೂ ಕೇಳಿ ನೋಡಿ ಸರ್.


ಇತಿಹಾಸದ ಮೇಷ್ಟ್ರು:

ಮಗಳೇ, ಸರಿಯಾಗಿ ಹೇಳಿದೆ. ಇಲ್ಲಿಗೆ ಹೇಗೆ ಬಂತು ಅನ್ನೋದನ್ನು ಸ್ವಲ್ಪ ಸೇರಿಸುತ್ತೇನೆ.

ಎನ್‌ಸುಕ್ಕಾ ಹುಟ್ಟಿದಾಗ ಪ್ರಾಂತ್ಯದ ವಿಶ್ವವಿದ್ಯಾಲಯ. 1961ರಲ್ಲಿ ಎನುಗುವಿನ ತಾಂತ್ರಿಕ ಕಾಲೇಜು ಅದರ ಜೊತೆ ಸೇರಿತು, ಅದೇ ಈಗಿನ ಎನುಗು ಕ್ಯಾಂಪಸ್. 1973ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು. ಅದೇ ವರ್ಷ ಕಲಾಬಾರ್‌ನಲ್ಲಿ ಒಂದು ಕ್ಯಾಂಪಸ್ ತೆರೆಯಿತು, ಎರಡು ವರ್ಷಕ್ಕೆ ಅದು ಬೇರೆ ವಿಶ್ವವಿದ್ಯಾಲಯವೇ ಆಯ್ತು. 1975ರಲ್ಲಿ ಪೆಟ್ರೋಲ್ ದುಡ್ಡಿನ ಭರದಲ್ಲಿ ಕೇಂದ್ರ ಒಟ್ಟಿಗೇ ಏಳು ಹೊಸದು ಘೋಷಿಸಿತು. ಆ ದಶಕದಲ್ಲೇ ಬೋಧನಾ ಶುಲ್ಕವನ್ನೂ ತೆಗೆದುಹಾಕಿತು. 1978ರಲ್ಲಿ ಹಾಸ್ಟೆಲ್ ಊಟದ ಬೆಲೆ ಏರಿದಾಗ ದೇಶದ ತುಂಬ ವಿದ್ಯಾರ್ಥಿಗಳು ಬೀದಿಗೆ ಇಳಿದರು, ಗುಂಡೇಟಿಗೆ ಕೆಲವರು ಸತ್ತರು. ಪೆಟ್ರೋಲ್ ಎಣ್ಣೆಯ ಬೆಲೆ ಬಿತ್ತು. 1986ರಲ್ಲಿ ಆರ್ಥಿಕ ಸುಧಾರಣೆ ಅಂತ ಬಂತು, ದೇಶದ ಹಣ ನೈರಾ ಕುಸಿಯಿತು. ಒಳ್ಳೊಳ್ಳೆ ಪ್ರಾಧ್ಯಾಪಕರು ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶ ಸೇರಿಕೊಂಡರು. 1993ರಲ್ಲಿ ಕಂಪನಿಗಳ ಲಾಭದ ಮೇಲೆ ಶೇ. 2 ಶಿಕ್ಷಣ ತೆರಿಗೆ ತಂದರು. ಈಗ ಕ್ಯಾಂಪಸ್ಸುಗಳಲ್ಲಿ ಏಳುವ ಹೊಸ ಕಟ್ಟಡ ಬಹಳಷ್ಟು ಆ ದುಡ್ಡಿನದ್ದು.

ದೇಶದಲ್ಲಿ ಈಗ 200ಕ್ಕೂ ಹೆಚ್ಚು ವಿಶ್ವವಿದ್ಯಾಲಯ ಇವೆ. ಹೊಸ ಬೋರ್ಡು ಹಾಕುವುದು ಸುಲಭ. ಇರುವುದಕ್ಕೆ ಪ್ರತಿ ವರ್ಷ ದುಡ್ಡು ಕೊಡುವುದು ಕಷ್ಟ. ತಾಳೆ ಎಣ್ಣೆಯ ಕಾಲದಲ್ಲಿ ಬಡ ಪ್ರಾಂತ್ಯ ಮಾಡಿದ್ದನ್ನು ಪೆಟ್ರೋಲ್ ದೇಶ ಮಾಡಲಿಲ್ಲ ಅನ್ನೋದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.


ತುಂಗಾತೀರ:

ಲೇಗೋಸಿನ ಸರ್, 1970ರಲ್ಲಿ ಅಲ್ಲಿ ಓದಿದವರು ಯಾರಾದರೂ ನಿಮಗೆ ಪರಿಚಯ ಇದ್ದಾರಾ? ಅವರ ಬಾಯಿಂದಲೇ ಕೇಳಿ ಬರೆದರೆ ಬಹಳ ಉಪಕಾರ.


ಲೇಗೋಸಿನ ಕನ್ನಡಿಗ:

ಹತ್ತು ದಿನ ತಡವಾಯ್ತು, ಕ್ಷಮಿಸಿ. ಕೇಳಿಕೊಂಡು ಬಂದೆ.

ಸಹೋದ್ಯೋಗಿಯ ದೊಡ್ಡಮ್ಮ ಈಗ ಮಗನ ಜೊತೆ ಲೇಗೋಸಿನಲ್ಲೇ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ಭಾನುವಾರ ಚರ್ಚ್ ಮುಗಿದ ಮೇಲೆ ಬನ್ನಿ ಅಂದರು. ಹೋದೆ. ಅವರನ್ನು ಎಲ್ಲರೂ ಮಮ್ಮಾ ಅಂತಾರೆ, ನಾನೂ ಹಾಗೇ ಕರೆದೆ.

1966ರಲ್ಲಿ ಗೃಹವಿಜ್ಞಾನಕ್ಕೆ ಸೇರಿದರಂತೆ. ಊರಲ್ಲಿ ಜನ ಅವರ ತಂದೆಗೆ, ಅಡುಗೆ ಕಲಿಯಲು ಮಗಳನ್ನು ಅಷ್ಟು ದೂರ ಕಳಿಸಬೇಕಾ, ಅವಳಮ್ಮನಿಗೆ ಬರಲ್ವಾ ಅಂದರಂತೆ. ಅಲ್ಲಿ ಅವರು ಕಲಿತದ್ದು ಮಗುವಿನ ಆಹಾರದಲ್ಲಿ ಏನಿದ್ದರೆ ಮಗು ಉಳಿಯುತ್ತದೆ ಅನ್ನೋದು. ಒಂದೇ ವರ್ಷ ಓದಿದ್ದು. ಯುದ್ಧ ಬಂತು. ನಿರಾಶ್ರಿತರ ಶಿಬಿರದಲ್ಲಿ ಹೊಟ್ಟೆ ಊದಿದ, ಕೂದಲು ಕೆಂಪಾದ ಮಕ್ಕಳಿಗೆ ಹಾಲಿನ ಪುಡಿ ಕಲಸಿ ಕೊಡುವ ಕೆಲಸ ಮಾಡಿದರು. ಯಾವ ಮಗುವಿಗೆ ಮೊದಲು ಕೊಡಬೇಕು ಅಂತ ಆರಿಸಬೇಕಿತ್ತು ಅಂದರು. ಅದರ ಬಗ್ಗೆ ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

1970ರಲ್ಲಿ ವಿಶ್ವವಿದ್ಯಾಲಯ ತೆರೆದಿದೆ ಅಂತ ಸುದ್ದಿ ಬಂದಾಗ ಅಪ್ಪನ ಹತ್ತಿರ ಆ 20 ಪೌಂಡ್ ಇತ್ತು. ಮೂರು ಮಕ್ಕಳಲ್ಲಿ ಯಾರು ಹೋಗಬೇಕು ಅಂತ ಮನೆಯಲ್ಲಿ ಒಂದು ರಾತ್ರಿ ಮಾತಾಯ್ತಂತೆ. ಅವಳು ಅರ್ಧ ಓದಿದ್ದಾಳೆ, ಮೊದಲು ಅವಳದ್ದು ಮುಗಿಯಲಿ ಅಂತ ಅಣ್ಣನೇ ಹೇಳಿದ. ಕ್ಯಾಂಪಸ್ಸಿನಲ್ಲಿ ಕೂರಲು ಏನೂ ಇಲ್ಲ ಅಂತ ಮೊದಲೇ ಹೋಗಿದ್ದ ಗೆಳತಿ ಹೇಳಿ ಕಳಿಸಿದ್ದಳು. ಅಣ್ಣ ಒಂದು ಸಣ್ಣ ಮಣೆ ಮಾಡಿಕೊಟ್ಟ. ನಮ್ಮ ಕಡೆಯ ಮಣೆಗಿಂತ ಸ್ವಲ್ಪ ಎತ್ತರ, ಮೂರು ಕಾಲು. ಲಾರಿಯ ಹಿಂದೆ ಸರಕಿನ ಮೇಲೆ ಕೂತು, ಅದನ್ನು ತೊಡೆ ಮೇಲೆ ಇಟ್ಟುಕೊಂಡು ಹೋದರು. ಬೆಳಗ್ಗೆ ಕ್ಲಾಸಿಗೆ ತಗೊಂಡು ಹೋಗೋದು, ಸಂಜೆ ರೂಮಿಗೆ ತರೋದು. ಯಾರಾದರೂ ಎತ್ತಿಕೊಂಡು ಹೋದಾರು ಅಂತ ಅಡಿಯಲ್ಲಿ ಕಬ್ಬಿಣ ಕಾಯಿಸಿ ಹೆಸರು ಬರೆಸಿದ್ದರು. ಡಿಗ್ರಿ ಮುಗಿಸಿ ಮೂವತ್ತು ವರ್ಷ ಹುಡುಗಿಯರ ಶಾಲೆಯಲ್ಲಿ ಕಲಿಸಿದರು. ತಮ್ಮನನ್ನು ಓದಿಸಿದ್ದೂ ಅವರೇ. ಅಣ್ಣ ಓದಲಿಲ್ಲ, ಕೊನೆತನಕ ಬಡಗಿಯಾಗೇ ಇದ್ದರು.

ಮೈಸೂರಿನ ತಂಗಿ ಕೇಳಿದ್ದನ್ನೂ ಕೇಳಿದೆ. ಮಮ್ಮಾ ಅವರ ಮೊಮ್ಮಗಳು ಈಗ ಎನ್‌ಸುಕ್ಕಾದಲ್ಲೇ ಫಾರ್ಮಸಿ ಓದುತ್ತಿದ್ದಾಳೆ. ಹಾಸ್ಟೆಲ್ ಸಿಗಲಿಲ್ಲ, ಹೊರಗೆ ರೂಮು. ನೀರು ಟ್ಯಾಂಕರಿನವರಿಂದ ಕೊಂಡುಕೊಳ್ಳೋದು. 2022ರ ಮುಷ್ಕರದಲ್ಲಿ ಎಂಟು ತಿಂಗಳು ಅಜ್ಜಿಯ ಮನೆಯಲ್ಲೇ ಇದ್ದಳಂತೆ. ಆಗ ಅಜ್ಜಿ ಅವಳಿಗೆ ದಿನಾ ಬೆಳಗ್ಗೆ ಎರಡು ಗಂಟೆ ಓದು ಅಂತ ಕೂರಿಸುತ್ತಿದ್ದರು.

ಹೊರಡುವ ಮುಂಚೆ ಊಟ ಮಾಡಿ ಹೋಗು ಅಂದರು. ಅಡುಗೆಮನೆಯಲ್ಲೇ ಒಕ್ಪಾ ಬಿಚ್ಚಿ ಕೊಟ್ಟರು, ಹಳದಿ ಮೆಣಸಿನ ಚಟ್ನಿ ಥರದ್ದು ಪಕ್ಕಕ್ಕೆ. ಕೂರಲು ಕಾಲಲ್ಲಿ ಒಂದು ಮಣೆ ಸರಿಸಿದರು. ತಿಂದು ಎದ್ದ ಮೇಲೆ ತಿರುಗಿಸಿ ನೋಡಿದೆ. ಸುಟ್ಟ ಅಕ್ಷರ ಸವೆದಿದೆ, ಆದರೂ ಓದಲು ಬರುತ್ತದೆ.